ಆಕಾಶದ ಕಲ್ಲಿಗೂ ತೇವದ ಕಾಟ

ಕಳೆದ ಮಾಘಮಾಸದಲ್ಲಿ ಮಲೆಯೂರಿನ ಕನಕಗಿರಿಯ ದರ್ಶನ ಮುಗಿಸಿ ಚಾಮರಾಜನಗರಕ್ಕೆ ಬಂದಿಳಿದಾಗ, ಅಲ್ಲಿಯ ನಮ್ಮ ಬಂಧುಗಳೊಬ್ಬರು, "ನಾಳೆ ಅರಿಸಿನ ನೋಡಲು ದೊಡ್ಡಗಾಜನೂರಿಗೆ ಹೊರಟಿದ್ದೇವೆ, ನೀವೂ ಬನ್ನಿ. ಅಲ್ಲೊಂದು ಕಲ್ಲಿದೆ, ಅದನ್ನು ನೀವು ನೋಡಲೇಬೇಕು" ಎಂದರು. ಅವರು ನಾಲ್ಕು ದಶಕ ಅರಿಸಿನ ಕೊಂಡು ಮಾರಿದವರು. ಅಂಥವರ ಬಾಯಲ್ಲಿ ಅರಿಸಿನಕ್ಕಿಂತ ಕಲ್ಲಿನ ಮಾತೇ ಹೆಚ್ಚಾಗಿದ್ದುದನ್ನು ಕಂಡು ನಮಗೆ ಆಗಲೇ ಕೊಂಚ ಸಂಶಯ ಬಂದಿತ್ತು.

ದೊಡ್ಡಗಾಜನೂರು ಈಗ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದೆ. ಆದರೆ ತಾಳವಾಡಿ ಬೆಟ್ಟಸೀಮೆಯ ಎಷ್ಟೋ ಹಳ್ಳಿಗಳಂತೆ ಅಲ್ಲಿಯ ಮನೆಮಾತು ಕನ್ನಡವೇ. ಡಾ. ರಾಜ್‌ಕುಮಾರ್ ಅವರ ತೋಟದ ಮನೆ ಇದ್ದ ಊರೆಂದು ಕನ್ನಡಿಗರಿಗೆಲ್ಲ ಅದರ ಹೆಸರು ಗೊತ್ತು. ನಾವು ಹೋದ ರೈತರ ಮನೆಯ ಅಂಗಳದಲ್ಲಿ ಬೇಯಿಸಿದ ಅರಿಸಿನದ ಕೊಂಬು ಹರಡಿತ್ತು. ನಮ್ಮ ಬಂಧುಗಳು ರೂಢಿಯಂತೆ ಒಂದು ಕೊಂಬನ್ನೆತ್ತಿ ಮುರಿದು, ಅದರ ಸದ್ದು ಕೇಳಿ, "ಇನ್ನೂ ನಾಲ್ಕು ಬಿಸಿಲು ಬೇಕು" ಎಂದರು. ಬಳಿಕ ಎಲ್ಲರೂ ಹಿತ್ತಿಲಿಗೆ ಹೋದೆವು.

ಬಾವಿಕಟ್ಟೆಯ ಪಕ್ಕದಲ್ಲಿ ಆ ಕಲ್ಲಿತ್ತು. ಸುಲಿಯದ ತೆಂಗಿನಕಾಯಿಯಷ್ಟು ಗಾತ್ರ, ಕಪ್ಪು ಬಣ್ಣ, ಅಲ್ಲಲ್ಲಿ ಇಟ್ಟಿಗೆಯಂಥ ಕೆಂಪು ಕಲೆ. ಎತ್ತಿದರೆ ನಿರೀಕ್ಷೆಗಿಂತ ಭಾರ. ಅಯಸ್ಕಾಂತ ಅದಕ್ಕೆ ಅಂಟಿಕೊಳ್ಳುತ್ತಿತ್ತು. ಮನೆಯ ಹಿರಿಯಮ್ಮ ಅದಕ್ಕೆ ಪ್ರತಿ ಶುಕ್ರವಾರ ನೀರೆರೆದು ಅರಿಸಿನ ಕುಂಕುಮ ಹಚ್ಚುತ್ತಾರಂತೆ. ಅವರ ಮಾವನವರು ಉಳುವಾಗ ಸಿಕ್ಕಿದ್ದಂತೆ. ಅದಕ್ಕೂ ಹಿಂದಿನ ಒಂದು ರಾತ್ರಿ ಆಕಾಶದಲ್ಲಿ ಬೆಂಕಿ ಹರಿದದ್ದನ್ನು ಊರವರು ನೋಡಿದ್ದರಂತೆ. ಇಷ್ಟರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಎರಡು ತಿಂಗಳ ಹಿಂದೆ ಯಾರೋ ಒಬ್ಬ ದಲ್ಲಾಳಿ ಬಂದು, ಇದು ಉಲ್ಕಾಶಿಲೆ, ಹೊರದೇಶದಲ್ಲಿ ಕಿಲೋಗೆ ಕೋಟಿ ಬೆಲೆ, ಪರೀಕ್ಷೆಯ ಸರ್ಟಿಫಿಕೇಟ್ ಮಾಡಿಸಲು ಮೊದಲು ಐವತ್ತು ಸಾವಿರ ಬೇಕು ಎಂದು ಹೇಳಿದ್ದ. ಆ ಐವತ್ತು ಸಾವಿರದಲ್ಲಿ ಅರ್ಧ ಹಾಕಲು ನಮ್ಮ ಬಂಧುಗಳು ಒಪ್ಪುವುದರಲ್ಲಿದ್ದರು. ಅಕ್ಕಿಕಾಳನ್ನು ಎಳೆಯುವ ಚೆಂಬಿನ ಹೆಸರಿನಲ್ಲಿ, ಎರಡು ತಲೆ ಹಾವಿನ ಹೆಸರಿನಲ್ಲಿ ಹಣ ಕಳೆದುಕೊಂಡವರ ಕಥೆ ನಮ್ಮ ವ್ಯಾಪಾರಿ ಮನೆಗಳಿಗೆ ಹೊಸದೇನಲ್ಲ. ಇಷ್ಟಿದ್ದರೂ ಈ ಪಟ್ಟಿಗೆ ಕಲ್ಲೊಂದು ಸೇರುವುದರಲ್ಲಿತ್ತು.

ಆಕಾಶದಿಂದ ಕಲ್ಲು ಬೀಳುವುದು ಮಾತ್ರ ಕಟ್ಟುಕಥೆಯಲ್ಲ. ತಾಳವಾಡಿಯಿಂದ ನೇರ ಉತ್ತರಕ್ಕೆ ಹಕ್ಕಿ ಹಾರಿದರೆ ತೊಂಬತ್ತು ಕಿಲೋಮೀಟರು ದೂರದ ಮದ್ದೂರಿನಲ್ಲಿ 1865ರ ಸೆಪ್ಟೆಂಬರ್ 21ರಂದು ಒಂದು ಉಲ್ಕಾಶಿಲೆ ಬಿತ್ತು. ಮರುವರ್ಷ, 1866ರ ಏಪ್ರಿಲಿನಲ್ಲಿ, ಉಡುಪಿಯಲ್ಲಿ ಇನ್ನೊಂದು. ತೀರ ಈಚಿನದೆಂದರೆ ಹೊಸೂರಿನ ಬಳಿಯ ಶೂಲಗಿರಿ. 2008ರ ಸೆಪ್ಟೆಂಬರ್ 12ರ ಬೆಳಗ್ಗೆ ಅಲ್ಲಿ ಬಿದ್ದ ತುಂಡುಗಳ ಒಟ್ಟು ತೂಕ ಸುಮಾರು 110 ಕಿಲೋ. ಇವೆಲ್ಲ ಬಿದ್ದದ್ದನ್ನು ಕಂಡು ಎತ್ತಿಕೊಂಡ ಕಲ್ಲುಗಳು. ಬಿದ್ದದ್ದು ಯಾವಾಗಲೆಂದು ಯಾರಿಗೂ ತಿಳಿಯದೆ, ಎಂದೋ ನೆಲದಲ್ಲಿ ಸಿಕ್ಕ ಕಲ್ಲುಗಳದು ಬೇರೆ ಜಾತಿ. ಪಳನಿ ಬೆಟ್ಟದ ಕೊಡೈಕೆನಾಲಿನಲ್ಲಿ 1898ರಲ್ಲಿ ಸಿಕ್ಕ ಸುಮಾರು 16 ಕಿಲೋ ತೂಕದ ಕಬ್ಬಿಣದ ಉಲ್ಕೆ ಆ ಎರಡನೆಯ ಜಾತಿಯದು. ಬಿದ್ದ ದಿನವೇ ಎತ್ತಿದ ಕಲ್ಲಿಗೂ ಎಂದೋ ಬಿದ್ದು ಇಂದು ಸಿಕ್ಕ ಕಲ್ಲಿಗೂ ಇರುವ ಅಂತರ, ಆಗ ತಾನೆ ಗಾಣದಿಂದ ಇಳಿದ ಎಣ್ಣೆಗೂ ವರ್ಷಗಟ್ಟಲೆ ಬಾಯ್ತೆರೆದಿಟ್ಟ ಡಬ್ಬದ ಎಣ್ಣೆಗೂ ಇರುವ ಅಂತರದಂತೆ.

ಏಕೆಂದರೆ ಉಲ್ಕಾಶಿಲೆ ನೆಲ ಮುಟ್ಟಿದ ಗಳಿಗೆಯಿಂದಲೇ ಕೆಡಲು ತೊಡಗುತ್ತದೆ. ನಾಲ್ಕೂವರೆ ನೂರು ಕೋಟಿ ವರ್ಷ ನಿರ್ವಾತದಲ್ಲಿ, ಚಳಿಯಲ್ಲಿ, ಒಂದು ತೊಟ್ಟು ನೀರಿನ ಹಂಗಿಲ್ಲದೆ ಇದ್ದ ವಸ್ತುವದು. ಸಾಮಾನ್ಯ ಜಾತಿಯ ಶಿಲಾ ಉಲ್ಕೆಯೊಳಗೆ ಕಬ್ಬಿಣ ನಿಕ್ಕಲ್ ಬೆರೆತ ಲೋಹದ ಸಣ್ಣ ಸಣ್ಣ ಕಣಗಳಿರುತ್ತವೆ. ಕಬ್ಬಿಣ ಗಂಧಕ ಕೂಡಿದ ಟ್ರಾಯ್ಲೈಟ್ ಎಂಬ ಖನಿಜ ಇರುತ್ತದೆ. ಮಿಕ್ಕದ್ದು ಬಹುಪಾಲು ಆಲಿವಿನ್, ಪೈರಾಕ್ಸೀನ್ ಎಂಬ ಸಿಲಿಕೇಟ್ ಖನಿಜಗಳು. ಮಳೆಗಾಲದಲ್ಲಿ ಅಂಗಡಿಯ ತೂಕದ ಬಟ್ಟು ಏನಾಗುತ್ತದೆಂದು ನಮಗೆಲ್ಲ ಗೊತ್ತು. ಅದೇ ಇಲ್ಲಿಯೂ ನಡೆಯುತ್ತದೆ. ಮೊದಲು ಲೋಹದ ಕಣಗಳ ಅಂಚಿಗೆ ತುಕ್ಕಿನ ಕಟ್ಟು ಬರುತ್ತದೆ, ಬಳಿಕ ಕಣವೇ ತುಕ್ಕಾಗುತ್ತದೆ. ತುಕ್ಕು ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಲ್ಲು ಒಳಗಿನಿಂದಲೇ ಬಿರಿಯುತ್ತದೆ. ಬಿರುಕಿನಲ್ಲಿ ಮತ್ತೆ ನೀರು ಇಳಿಯುತ್ತದೆ. ಕೊನೆಗೆ ಆಲಿವಿನ್ ಕೂಡ ಜೇಡಿಯಾಗತೊಡಗುತ್ತದೆ. ಇದನ್ನೇ ಶಿಥಿಲೀಕರಣ ಎನ್ನುವುದು. ಜರ್ಮನಿಯ ವ್ಲೋಟ್ಸ್ಕಾ ಎಂಬ ವಿಜ್ಞಾನಿ 1993ರಲ್ಲಿ ಇದಕ್ಕೊಂದು ಅಳತೆಗೋಲು ಮಾಡಿಟ್ಟರು. ತುಕ್ಕು ಕಾಣದ ಕಲ್ಲಿಗೆ ಸೊನ್ನೆ, ಲೋಹವೆಲ್ಲ ಹೆಚ್ಚು ಕಡಿಮೆ ತುಕ್ಕಾದದ್ದಕ್ಕೆ ನಾಲ್ಕು, ಸಿಲಿಕೇಟುಗಳೂ ಬಹುಪಾಲು ಜೇಡಿಯಾದದ್ದಕ್ಕೆ ಆರು.

ಒಂದೇ ದಿನ ಬಿದ್ದ ಕಲ್ಲುಗಳು ಬೇರೆ ಬೇರೆ ಕಾಲದಲ್ಲಿ ಸಿಕ್ಕರೆ ಈ ಕೆಡುವಿಕೆಯ ಗತಿ ಚೆನ್ನಾಗಿ ತಿಳಿಯುತ್ತದೆ. ಅಂಥ ಅವಕಾಶವೊಂದು ಅಮೆರಿಕದ ಅರಿಜೋನದಲ್ಲಿ ಒದಗಿತು. ಹಾಲ್‌ಬ್ರೂಕ್ ಎಂಬ ಊರಿನ ಬಳಿ 1912ರ ಜುಲೈ 19ರಂದು ಸಾವಿರಾರು ಕಲ್ಲುಗಳು ಬಿದ್ದವು. ಕೆಲವನ್ನು ಅದೇ ವರ್ಷ ಆರಿಸಿದರು, ಕೆಲವು 1931ರಲ್ಲಿ, ಇನ್ನು ಕೆಲವು 1968ರಲ್ಲಿ ಸಿಕ್ಕವು. ಒಂದೇ ತಾಯಿಯ ಮಕ್ಕಳಾದರೂ ಮನೆಯೊಳಗೆ ಬೆಳೆದದ್ದು ಬೇರೆ, ಬೀದಿಯಲ್ಲಿ ಬೆಳೆದದ್ದು ಬೇರೆ ಎನ್ನುವಂತೆ ಅವುಗಳ ರಾಸಾಯನಿಕ ಲೆಕ್ಕ ಬೇರೆಯಾಗಿತ್ತು. ಅದೂ ಎಲ್ಲಿ? ಮಳೆ ಅಪರೂಪವಾದ ಬೆಂಗಾಡಿನಲ್ಲಿ. ಮುಂಗಾರು ಹಿಂಗಾರು ಎರಡೂ ತಟ್ಟುವ ತಾಳವಾಡಿಯ ಹೊಲದಲ್ಲಿ ಕಲ್ಲೊಂದು ತಲೆಮಾರುಗಳ ಕಾಲ ಬಿದ್ದಿದ್ದರೆ ಏನಾಗಿರಬೇಕೆಂದು ನೀವೇ ಊಹಿಸಿಕೊಳ್ಳಿ.

ಇನ್ನು ಮುಖ್ಯ ಮಾತಿಗೆ ಬರೋಣ. ಕಲ್ಲು ಎಷ್ಟು ಕೆಟ್ಟಿದೆ, ಅದರೊಳಗೆ ಎಷ್ಟು ನೀರು ಸೇರಿದೆ, ಏನೇನು ಹೊಸದಾಗಿ ಹುಟ್ಟಿದೆ ಎಂಬುದನ್ನು ಕಲ್ಲನ್ನೆಲ್ಲ ಕರಗಿಸದೆ ತಿಳಿಯುವ ದಾರಿಗಳಲ್ಲಿ ಅವಕೆಂಪು ಕಿರಣದ ಪರೀಕ್ಷೆಯೂ ಒಂದು. ಇನ್‌ಫ್ರಾರೆಡ್ ಎಂದು ನಾವು ಕೇಳುತ್ತೇವಲ್ಲ, ಅದೇ ಇದು. 1800ರಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಗಾಜಿನ ಪಟ್ಟಕದಿಂದ ಏಳು ಬಣ್ಣವಾಗಿ ಒಡೆದು, ಕೆಂಪಿನ ಆಚೆಗೆ ಬರಿಗತ್ತಲೆಯಂತೆ ಕಾಣುವ ಕಡೆ ಥರ್ಮಾಮೀಟರ್ ಇಟ್ಟಾಗ ಅದು ಏರಿತು. ಕಣ್ಣಿಗೆ ಕಾಣದ, ಆದರೆ ಬಿಸಿ ಕೊಡುವ ಆ ಬೆಳಕೇ ಅವಕೆಂಪು.

ವಸ್ತುವಿನೊಳಗೆ ಪರಮಾಣುಗಳು ಸುಮ್ಮನೆ ಕುಳಿತಿರುವುದಿಲ್ಲ. ತಕ್ಕಡಿಯ ಮುಳ್ಳಿನಂತೆ ತಮ್ಮದೇ ಲಯದಲ್ಲಿ ತೊನೆಯುತ್ತಿರುತ್ತವೆ. ಯಾವ ಜೋಡಿಯ ತೊನೆತಕ್ಕೆ ಯಾವ ಕಿರಣದ ಲಯ ಹೊಂದುತ್ತದೋ ಆ ಕಿರಣವನ್ನು ಅದು ನುಂಗಿಬಿಡುತ್ತದೆ. ಆಮ್ಲಜನಕ ಜಲಜನಕಗಳ ಜೋಡಿ ನುಂಗುವುದು 3 ಮೈಕ್ರಾನಿನ ಆಸುಪಾಸಿನ ಕಿರಣವನ್ನು. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಸಿಲಿಕಾನ್ ಆಮ್ಲಜನಕಗಳ ಜೋಡಿ 10 ಮೈಕ್ರಾನಿನ ಸುತ್ತಮುತ್ತ ನುಂಗುತ್ತದೆ. ಸುಣ್ಣಕಲ್ಲಿನ ಜಾತಿಯ ಕಾರ್ಬೊನೇಟುಗಳ ಗುರುತು 7 ಮೈಕ್ರಾನಿನ ಬಳಿ. ಹೀಗೆ ಕಿರಣವನ್ನು ಹಾಯಿಸಿ, ಎಲ್ಲೆಲ್ಲಿ ಬೆಳಕು ಕಡಿಮೆಯಾಯಿತೆಂದು ಗೆರೆ ಎಳೆದರೆ ಒಳಗೆ ಯಾರು ಯಾರಿದ್ದಾರೆಂಬ ಹಾಜರಿಪಟ್ಟಿ ಸಿಗುತ್ತದೆ. ಈ ಗೆರೆಗೇ ರೋಹಿತ ಎಂದು ಹೆಸರು. ಇದೇನೂ ನಮಗೆ ಪರದೇಶದ ವಿದ್ಯೆಯಲ್ಲ. ದೊಡ್ಡ ಗಿರಣಿಗಳಲ್ಲಿ ಧಾನ್ಯದ ತೇವವನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಹೇಳುವ ಯಂತ್ರಗಳಿವೆಯಲ್ಲ, ಅವುಗಳಲ್ಲಿ ಹಲವು ಇದೇ ಅವಕೆಂಪು ಕಿರಣದಿಂದಲೇ ನೀರನ್ನು ಹಿಡಿಯುತ್ತವೆ.

ಕಲ್ಲಿನ ಪರೀಕ್ಷೆಗೆ ಬೇಕಾಗುವುದು ಒಂದೆರಡು ಮಿಲಿಗ್ರಾಂ ಪುಡಿ, ಸಾಸಿವೆಕಾಳಿನ ತೂಕಕ್ಕಿಂತ ಹೆಚ್ಚೇನಲ್ಲ. ಅದನ್ನು ಅದರ ನೂರರಷ್ಟು ಪೊಟ್ಯಾಸಿಯಂ ಬ್ರೋಮೈಡ್ ಎಂಬ ಬಿಳಿ ಉಪ್ಪಿನೊಂದಿಗೆ ಅರೆದು, ಯಂತ್ರದಲ್ಲಿ ಒತ್ತಿ, ಗಾಜಿನಂಥ ಬಿಲ್ಲೆ ಮಾಡುತ್ತಾರೆ. ಇಲ್ಲೊಂದು ಸ್ವಾರಸ್ಯವಿದೆ. ಆ ಉಪ್ಪೇ ಗಾಳಿಯ ತೇವ ಕುಡಿಯುವ ಚಟದ್ದು. ಅದನ್ನು ಕಾಯಿಸಿ ಒಣಗಿಸದೆ ಬಳಸಿದರೆ, ಉಪ್ಪು ಕುಡಿದ ನೀರು ಕಲ್ಲಿನ ಲೆಕ್ಕಕ್ಕೆ ಬರೆಯಲ್ಪಡುತ್ತದೆ. ತೂಗುವ ತಟ್ಟೆಯೇ ಒದ್ದೆಯಾಗಿದ್ದರೆ ಬೆಲ್ಲದ ತೂಕವನ್ನು ನಂಬುವುದು ಹೇಗೆ? ಆದಕಾರಣ ಕೆಲವರು ಉಪ್ಪನ್ನೇ ಬಿಟ್ಟು, ಬರಿಯ ಪುಡಿಯ ಮೇಲೆ ಕಿರಣ ಬಿಟ್ಟು ಹಿಂತಿರುಗಿದ ಬೆಳಕನ್ನು ಅಳೆಯುತ್ತಾರೆ. ಅಮೆರಿಕದ ಸಾಲಿಸ್ಬರಿ ಮತ್ತು ಹಂಟ್ ಎಂಬುವರು 1974ರಲ್ಲಿಯೇ ಹೀಗೆ ಹಿಂತಿರುಗುವ ಬೆಳಕಿನಿಂದ ಉಲ್ಕಾಶಿಲೆಗಳ ಶಿಥಿಲೀಕರಣವನ್ನು ಕುರಿತು ಬರೆದು, ನೆಲದಲ್ಲಿ ಬಹುಕಾಲ ಬಿದ್ದಿದ್ದ ಕಲ್ಲಿನ ರೋಹಿತವನ್ನು ತುಕ್ಕು ಹೇಗೆ ಬದಲಿಸುತ್ತದೆಂದು ತೋರಿಸಿದ್ದರು.

ತುಕ್ಕಿನಲ್ಲಿಯೂ ನೀರು ಎರಡು ಬಗೆಯಾಗಿ ಅಡಗಿರುತ್ತದೆ. ಮೇಲೆ ಮೇಲೆ ಅಂಟಿದ ತೇವ ಬಿಸಿ ಮಾಡಿದರೆ ಹೊರಟುಹೋಗುತ್ತದೆ. ಗೋಥೈಟ್ ಎಂಬ ತುಕ್ಕಿನ ಹರಳಿನೊಳಗೆ ಕಟ್ಟಿಕೊಂಡದ್ದು ಮಾತ್ರ ಮುನ್ನೂರು ಡಿಗ್ರಿಯ ಹತ್ತಿರ ಕಾಯಿಸುವವರೆಗೆ ಜಗ್ಗುವುದಿಲ್ಲ. ಅದರ ಗುರುತೊಂದು 11.2 ಮೈಕ್ರಾನಿನ ಸಮೀಪ ಬರುತ್ತದೆ. ಆಲಿವಿನ್ನಿನ ಗುರುತೂ ಅಲ್ಲಿಯೇ. ಒಂದೇ ಮನೆನಂಬರಿನಲ್ಲಿ ಇಬ್ಬರಿದ್ದಂತೆ. ಒಂದು ಗುರುತು ನೋಡಿ ತೀರ್ಪು ಕೊಡುವ ಹಾಗಿಲ್ಲ; ಅಕ್ಕಪಕ್ಕದ ಗುರುತುಗಳನ್ನೂ ಸೇರಿಸಿ ಓದಬೇಕು.

ಇಷ್ಟೆಲ್ಲ ತಲೆನೋವು ಏತಕ್ಕೆ, ಹಳೆಯ ಕಲ್ಲಿಗೆ ತುಕ್ಕು ಹಿಡಿದರೆ ಯಾರ ಗಂಟು ಹೋಯಿತು ಎಂದು ನಮ್ಮ ಬಂಧುಗಳು ಕೇಳಿದರು. ಹೋದ ಗಂಟು ಸಣ್ಣದಲ್ಲ. ಕೆಲವು ಅಪರೂಪದ ಉಲ್ಕೆಗಳಲ್ಲಿ ಆಕಾಶದಲ್ಲಿದ್ದಾಗಲೇ ಸೇರಿಕೊಂಡ ನೀರಿರುತ್ತದೆ. ಭೂಮಿಯ ಸಮುದ್ರಗಳಿಗೆ ನೀರು ಎಲ್ಲಿಂದ ಬಂತೆಂಬ ಪ್ರಶ್ನೆಗೆ ಉತ್ತರದ ಒಂದು ತುಣುಕು ಆ ನೀರಿನಲ್ಲಿದೆ. ಅದರ ಮೇಲೆ ನಮ್ಮ ಮಳೆಯ ನೀರು, ನಮ್ಮ ಗಾಳಿಯ ತೇವ ಸೇರಿಬಿಟ್ಟರೆ ಎರಡು ಖಾತೆ ಒಂದಾದಂತೆ. ಯಾವ ಜಮೆ ಯಾರದೆಂದು ಬಿಡಿಸುವುದು ಕಷ್ಟ.

ಇಂಥ ಖಾತೆ ಗೊಂದಲದಲ್ಲಿ ಪಂಡಿತರೇ ಬಿದ್ದ ಪ್ರಸಂಗವೊಂದಿದೆ. ಫ್ರಾನ್ಸಿನ ಓರ್ಗೇಯ್ ಎಂಬಲ್ಲಿ 1864ರ ಮೇ 14ರಂದು ಇದ್ದಲಿನಂತೆ ಕಪ್ಪಾದ, ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಮೆದುವಾದ ಉಲ್ಕಾಶಿಲೆಗಳು ಬಿದ್ದವು. ಇಪ್ಪತ್ತನೆಯ ಶತಮಾನದ ವಿಜ್ಞಾನಿಗಳು ಮ್ಯೂಸಿಯಮ್ಮಿನ ತುಂಡುಗಳನ್ನು ನೋಡಿದಾಗ ಕಪ್ಪಿನ ನಡುವೆ ಸಲ್ಫೇಟ್ ಲವಣದ ಬಿಳಿ ಗೆರೆಗಳಿದ್ದವು. ಉಲ್ಕೆ ಯಾವ ಪುಟ್ಟ ಗ್ರಹದಿಂದ ಬಂತೋ ಅಲ್ಲಿ ನೀರು ಹರಿದಾಗ ಈ ಗೆರೆ ಮೂಡಿತೆಂದು ಬಹುಕಾಲ ನಂಬಿದ್ದರು. 2001ರಲ್ಲಿ ಗುನೆಲ್ ಮತ್ತು ಝೊಲೆನ್‌ಸ್ಕಿ ಎಂಬಿಬ್ಬರು ಹಳೆಯ ಕಾಗದಗಳನ್ನು ತೆಗೆದು ನೋಡಿದರು. ಕಲ್ಲು ಬಿದ್ದ ಹೊಸದರಲ್ಲಿ ಕಣ್ಣಾರೆ ಕಂಡು ಬರೆದವರ ವಿವರಗಳಲ್ಲಿ ಬಿಳಿ ಗೆರೆಯ ಮಾತೇ ಇಲ್ಲ! ಗೆರೆ ಮೂಡಿದ್ದು ಆಕಾಶದಲ್ಲಲ್ಲ, ಮ್ಯೂಸಿಯಮ್ಮಿನ ಕಪಾಟಿನಲ್ಲಿ, ಪ್ಯಾರಿಸ್ಸಿನಂಥ ಊರುಗಳ ಗಾಳಿಯ ತೇವದಿಂದ. ಹಳೆಯ ಲೆಕ್ಕದ ಪುಸ್ತಕವನ್ನು ರದ್ದಿಗೆ ಹಾಕದೆ ಇಟ್ಟುಕೊಂಡವರ ಬೆಲೆ ಇಂಥಲ್ಲಿ ತಿಳಿಯುತ್ತದೆ.

ಈ ಮಾತಿಗೆ ಆಮೇಲೆ ಆಕಾಶವೇ ಸಾಕ್ಷಿ ಹೇಳಿತು. ಜಪಾನಿನ ಹಯಾಬುಸ-2 ನೌಕೆ ರ್ಯೂಗು ಎಂಬ ಕ್ಷುದ್ರಗ್ರಹದಿಂದ 5.4 ಗ್ರಾಂ ಪುಡಿಯನ್ನು 2020ರ ಡಿಸೆಂಬರಿನಲ್ಲಿ ಭೂಮಿಗೆ ತಂದಿತು. ಅದನ್ನು ನಮ್ಮ ಗಾಳಿ ಸೋಕದಂತೆ ಸಾರಜನಕ ತುಂಬಿದ ಪೆಟ್ಟಿಗೆಯಲ್ಲಿಯೇ ಇಟ್ಟು ಅವಕೆಂಪು ಕಿರಣದಿಂದ ನೋಡಿದರು. ರ್ಯೂಗುವಿನ ವಸ್ತುವೂ ಓರ್ಗೇಯ್ ಕಲ್ಲೂ ಹೆಚ್ಚು ಕಡಿಮೆ ಒಂದೇ ಕುಲದವು. ಆದರೆ ರ್ಯೂಗುವಿನಲ್ಲಿ ಸಲ್ಫೇಟಿನ ಗೆರೆ ಇರಲಿಲ್ಲ. ಜೇಡಿಯ ಹರಳಿನೊಳಗಿನ ಆಮ್ಲಜನಕ ಜಲಜನಕ ಜೋಡಿಯ ಗುರುತು 2.7 ಮೈಕ್ರಾನಿನಲ್ಲಿ ಸೂಜಿಮೊನೆಯಂತೆ ಸ್ಪಷ್ಟವಾಗಿತ್ತು. ಓರ್ಗೇಯ್ ಕಲ್ಲಿನಲ್ಲಿ ಅದೇ ಗುರುತು 3 ಮೈಕ್ರಾನಿನ ಕಡೆಗೆ ಹರಡಿಕೊಂಡು, ಶಾಯಿ ಬಿದ್ದ ಒದ್ದೆ ಕಾಗದದಂತೆ ಕಾಣುತ್ತದೆ. ಆ ಹರಡಿದ ಭಾಗ ನೂರೈವತ್ತು ವರ್ಷಗಳಲ್ಲಿ ನಮ್ಮ ಗಾಳಿ ಅದಕ್ಕೆ ಕೊಟ್ಟ ಸಾಲ.

ಚಳಿಯ ನಾಡಾದರೆ ಪಾರಾದೀತೇ ಎಂದರೆ ಅದೂ ಇಲ್ಲ. ಅಂಟಾರ್ಕ್ಟಿಕದಲ್ಲಿ 1985ರಲ್ಲಿ ಸಿಕ್ಕ ದೊಡ್ಡ ಕಲ್ಲೊಂದರ ಮೇಲೆ ಬಿಳಿಯ ಮೆಗ್ನೀಸಿಯಂ ಕಾರ್ಬೊನೇಟಿನ ಹೊಟ್ಟು ಕಟ್ಟಿತ್ತು. ಪರೀಕ್ಷಿಸಿದರೆ ಅದು ಹುಟ್ಟಿದ್ದು ಹಿಂದಿನ ನಲವತ್ತು ವರ್ಷಗಳೊಳಗೆ ಎಂದು 1988ರಲ್ಲಿ ಗೊತ್ತಾಯಿತು. ಇಂಗ್ಲೆಂಡಿನ ವಿಂಚ್‌ಕಂಬ್‌ನಲ್ಲಿ 2021ರ ಫೆಬ್ರವರಿ 28ರ ರಾತ್ರಿ ಬಿದ್ದ ಉಲ್ಕೆಯ ಚೂರುಗಳನ್ನು ಮರುದಿನ ಬೆಳಗ್ಗೆಯೇ ಎತ್ತತೊಡಗಿದ್ದರು. ಅಷ್ಟು ಬೇಗ ಎತ್ತಿದರೂ ಅವುಗಳಲ್ಲಿ ಭೂಮಿಯ ಲವಣ ಮೂಡಿದ್ದನ್ನು ಬಳಿಕ ಕಂಡರು. ಜಯಪುರದ ಬಳಿಯ ಮುಕುಂದಪುರದಲ್ಲಿ 2017ರ ಜೂನ್ 6ರ ಮುಂಜಾನೆ ಬಿದ್ದ ಕಲ್ಲೂ ಇದೇ ಅಪರೂಪದ ಜಾತಿಯದು. ಮುಂಗಾರು ಅಲ್ಲಿಗಿನ್ನೂ ಮುಟ್ಟಿರಲಿಲ್ಲವೆಂಬುದು ಅದರ ಪುಣ್ಯ.

ನೀರಿನಷ್ಟೇ ಅಲ್ಲ, ನಮ್ಮ ಕೈಯ ಕಾಟವೂ ಇದೆ. ಅಸ್ಸಾಮಿನ ದೇರ್ಗಾಂವ್‌ನಲ್ಲಿ 2001ರ ಮಾರ್ಚ್ 2ರಂದು ಬಿದ್ದ ಕಲ್ಲನ್ನು ನಮ್ಮ ದೇಶದವರೇ ಅವಕೆಂಪು ಕಿರಣದಿಂದ ಪರೀಕ್ಷಿಸಿ, ಇಂಗಾಲ ಜಲಜನಕ ಕೂಡಿದ ಪದಾರ್ಥದ ಗುರುತನ್ನು ವರದಿ ಮಾಡಿದ್ದಾರೆ. ಅಂಥ ಗುರುತು ಬರುವುದು 3.4 ಮೈಕ್ರಾನಿನ ಬಳಿ. ಬೆರಳಿನ ಜಿಡ್ಡು, ತುಪ್ಪ, ದೀಪದ ಎಣ್ಣೆ, ಇವೂ ಅಲ್ಲಿಯೇ ಗುರುತು ಕೊಡುತ್ತವೆ. ಬಿಹಾರದ ಅಂಧಾರದಲ್ಲಿ 1880ರಲ್ಲಿ ಬಿದ್ದ ಉಲ್ಕೆಯನ್ನು ಜನ ಗುಡಿ ಕಟ್ಟಿ ಪೂಜಿಸಿದರು. ಭಕ್ತಿಯನ್ನು ನಾವು ಆಡಿಕೊಳ್ಳುತ್ತಿಲ್ಲ. ಆದರೆ ತುಪ್ಪ ಹಾಲು ಎರೆದ ಕಲ್ಲಿನಿಂದ ಆಕಾಶದ ಇಂಗಾಲದ ಲೆಕ್ಕ ಕೇಳಲು ಬರುವುದಿಲ್ಲ.

ಈಗ ದೊಡ್ಡಗಾಜನೂರಿನ ಕಲ್ಲಿಗೆ ಬರೋಣ. ನಮ್ಮ ಬಂಧುಗಳ ಮೊಮ್ಮಗಳು ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಳೆ. ಐವತ್ತು ಸಾವಿರ ಕೊಡುವ ಮುನ್ನ ಅವಳಿಗೊಂದು ಚೂರು ಕೊಡಿ ಎಂದೆವು. ಹಿರಿಯಮ್ಮ ಮೊದಲು ಒಪ್ಪಲಿಲ್ಲ. ಕಲ್ಲಿಗೆ ಉಳಿ ತಾಕಿಸಬಾರದೆಂದರು. ಕೊನೆಗೆ ಕೆಳಭಾಗದಲ್ಲಿ ತಾನಾಗಿಯೇ ಬಿಟ್ಟುಕೊಂಡಿದ್ದ ಒಂದು ಚಕ್ಕೆಯನ್ನು ಕಾಗದದಲ್ಲಿ ಸುತ್ತಿಕೊಟ್ಟರು. ಹುಡುಗಿ ಅಧ್ಯಾಪಕರ ಅನುಮತಿ ಪಡೆದು, ಚಕ್ಕೆಯ ಒಳಭಾಗವನ್ನು ಅರೆದು, ಒಣಗಿಸಿದ ಉಪ್ಪಿನಲ್ಲಿ ಬಿಲ್ಲೆ ಮಾಡಿ ಪರೀಕ್ಷಿಸಿದಳು. ಮೂರು ವಾರದ ಮೇಲೆ ಗೆರೆಯ ಚಿತ್ರ ನಮ್ಮ ಮೊಬೈಲಿಗೆ ಬಂತು.

ಅದರಲ್ಲಿ 3 ಮೈಕ್ರಾನಿನ ಬಳಿ ನೀರಿನ ಗುರುತು ಧಾರಾಳವಾಗಿತ್ತು, ಅದರಲ್ಲಿ ಆಶ್ಚರ್ಯವಿಲ್ಲ. ತುಕ್ಕಿನ ಗುರುತೂ ಇತ್ತು. ಆದರೆ ಆಲಿವಿನ್, ಪೈರಾಕ್ಸೀನ್‌ಗಳ ಗುಂಪು ಕಾಣಲಿಲ್ಲ. ಅದರ ಬದಲು 12.5 ಮತ್ತು 12.8 ಮೈಕ್ರಾನಿನಲ್ಲಿ ಜೋಡೆತ್ತಿನಂತೆ ಎರಡು ಗುರುತು ನಿಂತಿದ್ದವು. ಆ ಜೋಡಿ ಬೆಣಚುಕಲ್ಲಿನ ಮುದ್ರೆ. ಸಾಮಾನ್ಯ ಶಿಲಾ ಉಲ್ಕೆಯಲ್ಲಿ ಬೆಣಚು ಇಲ್ಲವೆಂದೇ ಹೇಳಬೇಕು. ಮಳೆ ಲೋಹವನ್ನು ತಿಂದೀತು, ಆಲಿವಿನ್ನನ್ನು ಜೇಡಿ ಮಾಡೀತು. ಆದರೆ ಕಲ್ಲಿನ ತುಂಬ ಬೆಣಚು ಹರಳನ್ನು ತುಂಬಿಟ್ಟು ಹೋಗುವುದಿಲ್ಲ. ಅಯಸ್ಕಾಂತ ಅಂಟುವುದೂ ಸೇರಿದರೆ, ಇದು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರೂ ಬೆಣಚೂ ಪದರ ಪದರವಾಗಿ ಬೆರೆತ ಇಲ್ಲಿಯದೇ ಕಲ್ಲು. ಸತ್ಯಮಂಗಲದ ಸೀಮೆಯಲ್ಲಿ ಅಂಥ ಶಿಲೆ ಇದೆಯೆಂದು ಭೂವಿಜ್ಞಾನಿಗಳು ಎಂದೋ ಬರೆದಿಟ್ಟಿದ್ದಾರೆ. ಕಪ್ಪು, ಭಾರ, ಅಯಸ್ಕಾಂತದ ಸೆಳೆತ, ಈ ಮೂರನ್ನೇ ನೋಡಿ ಮೋಸಹೋಗುವವರು ನಮ್ಮಲ್ಲಿ ಮಾತ್ರವಲ್ಲ, ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಹಳೆಯ ಕಬ್ಬಿಣದ ಕುಲುಮೆಯ ಕಿಟ್ಟವೂ ಹೀಗೆಯೇ ಮರುಳು ಮಾಡುತ್ತದೆ.

ನಿಜವಾಗಿಯೂ ನಾಳೆ ಯಾರದಾದರೂ ಹೊಲದಲ್ಲಿ ಬೆಂಕಿಯ ಉಂಡೆ ಇಳಿದು ಕಲ್ಲು ಸಿಕ್ಕರೆ ಏನು ಮಾಡಬೇಕೆಂದು ಓದುಗ ಬಂಧುಗಳು ಕೇಳಬಹುದು. ಬರಿಗೈಯಲ್ಲಿ ಮುಟ್ಟಬೇಡಿ, ತೊಳೆಯಬೇಡಿ. ಅಯಸ್ಕಾಂತ ತಾಗಿಸಬೇಡಿ, ಕಲ್ಲಿನೊಳಗೆ ಕೋಟಿ ಕೋಟಿ ವರ್ಷದಿಂದ ಉಳಿದ ಕಾಂತದ ನೆನಪನ್ನು ಅದು ಅಳಿಸಿಬಿಡುತ್ತದೆ. ಶುದ್ಧವಾದ, ಒಣಗಿದ ಪೊಟ್ಟಣದಲ್ಲಿಟ್ಟು ದಿನ, ವೇಳೆ, ಜಾಗ ಬರೆದಿಡಿ. ನಮ್ಮ ದೇಶದಲ್ಲಿ ಉಲ್ಕಾಶಿಲೆಗಳ ಪಾಲಕರು ಕಲ್ಕತ್ತೆಯಲ್ಲಿ ಕೇಂದ್ರ ಕಚೇರಿಯಿರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು. ತಾಲ್ಲೂಕು ಕಚೇರಿಯ ಮೂಲಕ ಅವರಿಗೆ ಸುದ್ದಿ ಮುಟ್ಟಿಸಬಹುದು. ಪರೀಕ್ಷೆಗೆ ಮುಂಗಡ ಹಣ ಕೇಳುವವರು ಯಾರೇ ಇರಲಿ, ಅವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕಳುಹಿಸಿದರೆ ಸಾಕು.

ಫಲಿತಾಂಶ ತಿಳಿಸಲು ನಾವು ಫೋನು ಮಾಡಿದಾಗ ನಮ್ಮ ಬಂಧುಗಳು ಕೊಂಚ ಹೊತ್ತು ಮಾತಾಡಲಿಲ್ಲ. ಬಳಿಕ, "ಹಣ ಉಳಿಯಿತು ಬಿಡಿ" ಎಂದರು. ದಲ್ಲಾಳಿಯ ನಂಬರಿಗೆ ಆಮೇಲೆ ಯಾರೂ ಉತ್ತರ ಕೊಡುತ್ತಿಲ್ಲವಂತೆ. ದೊಡ್ಡಗಾಜನೂರಿನ ಹಿರಿಯಮ್ಮನಿಗೆ ಸುದ್ದಿ ಹೇಳಿದವಳು ಆ ಹುಡುಗಿಯೇ. ಕಲ್ಲು ಈ ಊರಿನದೇ ಅಜ್ಜಿ, ಮೇಲಿನಿಂದ ಬಿದ್ದದ್ದಲ್ಲ ಎಂದಳಂತೆ. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದರೆ ಶುಕ್ರವಾರ ನೀರು ಹಾಕಬಹುದೋ?" ಧಾರಾಳವಾಗಿ ಹಾಕಿ ಎಂದಳಂತೆ ಇವಳು. ಅರಿಸಿನದ ದರ ಮಾತ್ರ ಇನ್ನೂ ಗಿಟ್ಟಿಲ್ಲ.